ಬೀಗದ ಕೈ ಯಾರ ಹತ್ತಿರ ಇದೆ?

ಪ್ರೀತಿಯ ತಮ್ಮ,

ಲೇಖನ ತಲುಪಿತು. ನಿನ್ನೆ ರಾತ್ರಿ ಊಟ ಮುಗಿಸಿ ಕೂತು ಪೂರ್ತಿ ಓದಿದೆ. ಆನ್ ಬ್ರಾಂಟೆಯ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಬಗ್ಗೆ ಬರೆಯಲು ಹೊರಟಿದ್ದಕ್ಕೆ ಮೊದಲು ಶಹಬ್ಬಾಸ್. ಬ್ರಾಂಟೆ ಅಂದ ಕೂಡಲೇ ಎಲ್ಲರೂ ಅವಳ ಅಕ್ಕಂದಿರ ಪುಸ್ತಕಗಳನ್ನೇ ಹಿಡಿಯುತ್ತಾರೆ. 1848ರಲ್ಲಿ ಆ್ಯಕ್ಟನ್ ಬೆಲ್ ಅನ್ನುವ ಹೆಸರಿನಲ್ಲಿ ಬಂದ ಈ ಕಾದಂಬರಿಯ ಕಡೆ ತಿರುಗುವವರು ಕಡಿಮೆ.

ಈಗ ಲೇಖನಕ್ಕೆ ಬರೋಣ. ಅದರಲ್ಲಿ ಸಿಟ್ಟು ಜಾಸ್ತಿ, ಕಾದಂಬರಿ ಕಡಿಮೆ. ನಾಯಕಿ ಹೆಲೆನ್‌ಳ ಗಂಡ ಹಂಟಿಂಗ್ಡನ್‌ನನ್ನು ಕುಡುಕ ಅಂದಿದ್ದೀಯ, ರಾಕ್ಷಸ ಅಂದಿದ್ದೀಯ, ‘ಪುರುಷಾಹಂಕಾರದ ಪ್ರತೀಕ’ ಅಂದಿದ್ದೀಯ. ಅವನು ಏನು ಮಾಡಿದ ಅಂತ ಮಾತ್ರ ಹೇಳಿಲ್ಲ. ಪುಸ್ತಕ ಓದದವರಿಗೆ ಬರೀ ಬೈಗುಳದಿಂದ ಏನು ತಿಳಿಯಬೇಕು? ಅಷ್ಟೇ ಅಲ್ಲ, ರಾಕ್ಷಸ ಅಂದುಬಿಟ್ಟರೆ ಓದುವ ಗಂಡಸರಿಗೆ ಆರಾಮು. ತಾವು ರಾಕ್ಷಸರಲ್ಲವಲ್ಲ!

40ನೇ ಅಧ್ಯಾಯ ಇನ್ನೊಂದು ಸಲ ತೆಗೆದು ಓದು. ನೀನು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಹೆಲೆನ್ ಡೈರಿ ಬರೆಯುತ್ತಾ ಕೂತಿದ್ದಾಳೆ. ಮಗನನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಹೋಗುವುದು, ಚಿತ್ರ ಬರೆದು ಮಾರಿ ಬದುಕುವುದು, ಎಲ್ಲ ಲೆಕ್ಕಾಚಾರ ಆ ಡೈರಿಯಲ್ಲಿದೆ. ಗಂಡ ಅದನ್ನು ಕಿತ್ತುಕೊಂಡು ಓದುತ್ತಾನೆ. ಓದಿದ ಮೇಲೆ ಕೇಳುವುದು ಬೀಗದ ಕೈಗಳನ್ನು. ಬೀರು, ಮೇಜು, ಡ್ರಾಯರು, ಎಲ್ಲದರದ್ದೂ ಬೇಕು. ಕೊಡದಿದ್ದರೆ ಕೆಲಸದ ರೇಚಲ್ ನಾಳೆಯೇ ಗಂಟುಮೂಟೆ ಕಟ್ಟಬೇಕಾಗುತ್ತೆ ಅಂತ ಬೆದರಿಕೆ. ಆಮೇಲೆ ಅವಳು ಚಿತ್ರ ಬರೆಯುವ ಕೋಣೆಗೆ ಹೋಗಿ ಬಣ್ಣ, ಬ್ರಶ್ಶು, ವಾರ್ನಿಷ್ಷು ಒಂದೊಂದೇ ಬೆಂಕಿಗೆ ಹಾಕುತ್ತಾನೆ. ಟರ್ಪೆಂಟೈನ್ ಬಿದ್ದಾಗ ಉರಿ ಬುಸ್ ಅಂತ ಚಿಮಣಿಗೆ ಏರುತ್ತೆ. ಕೊನೆಗೆ ಗಂಟೆ ಬಾರಿಸಿ ಆಳು ಬೆನ್ಸನ್‌ನನ್ನು ಕರೆದು, ಈಸೆಲ್, ಕ್ಯಾನ್ವಾಸು ಒಯ್ದು ಒಲೆ ಹೊತ್ತಿಸೋಕೆ ಕೊಡು ಅನ್ನುತ್ತಾನೆ.

ಬೆನ್ಸನ್ ದಂಗಾಗಿ ಯಜಮಾನಿಯ ಮುಖ ನೋಡುತ್ತಾನೆ. ತೆಗೆದುಕೊಂಡು ಹೋಗು ಅಂತ ಹೆಲೆನ್ನೇ ಹೇಳುತ್ತಾಳೆ. ಅರ್ಧ ಮುಗಿದ ಚಿತ್ರ ಒಂದಿದೆ. ಇದೂನಾ ಅಂತ ಅವನು ಕೇಳಿದರೆ ಅದೂ ಹೋಗುತ್ತೆ.

ಇಲ್ಲಿ ಒಂದು ಏಟೂ ಬೀಳುವುದಿಲ್ಲ ನೋಡು. ಗಮನಿಸಬೇಕಾದ್ದು ಆ ಆಳಿನ ನೋಟ. ಮನೆಯಲ್ಲಿ ಯಾರ ಮಾತು ನಡೆಯುತ್ತೆ ಅಂತ ಅವನಿಗೆ ಗೊತ್ತು, ಅವಳಿಗೂ ಗೊತ್ತು. ತನ್ನ ಚಿತ್ರ ಸುಡುವ ಆರ್ಡರ್ ತಾನೇ ಕೊಡಬೇಕಾಗಿ ಬರುವುದು ಎಂಥದ್ದು ಅಂತ ಸ್ವಲ್ಪ ಹೊತ್ತು ಯೋಚಿಸು. ಇದಾದ ಮೇಲೆ ಗಂಡ ಅವಳ ಒಡವೆ, ದುಡ್ಡು ತೆಗೆದುಕೊಂಡು, ಇನ್ನು ಮುಂದೆ ತಿಂಗಳಿಗೆ ಇಷ್ಟು ಅಂತ ಕೈಖರ್ಚು ಕೊಡುತ್ತೇನೆ ಅನ್ನುತ್ತಾನೆ. ನಿನ್ನ ‘ಪ್ರತೀಕ’ ಹೊಡೆದುಹಾಕು. ಈ ಸಂಜೆಯನ್ನು ಬರಿ.

ಇನ್ನು ಕಾನೂನು. ಅದನ್ನು ಕೊನೆಯ ಪುಟಕ್ಕೆ ಟಿಪ್ಪಣಿ ಥರ ತಳ್ಳಿದ್ದೀಯ. ಅದು ಆ ಒಲೆಯ ಪಕ್ಕದಲ್ಲೇ ಬರಬೇಕು. ಯಾಕೆಂದರೆ ಹಂಟಿಂಗ್ಡನ್ ಸುಟ್ಟಿದ್ದು ಕಾನೂನಿನ ಕಣ್ಣಿಗೆ ಅವನದೇ ಸಾಮಾನು. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನನ್ನು ಬಿಟ್ಟು ಬೇರೆ ಲೆಕ್ಕವೇ ಇರಲಿಲ್ಲ. ದುಡಿದ ದುಡ್ಡು ಅವಳದ್ದು ಅಂತ ಆಗಿದ್ದು 1870ರ ಕಾಯ್ದೆಯಿಂದ. ಆಸ್ತಿಯ ಹಕ್ಕು ಸರಿಯಾಗಿ ಬಂದಿದ್ದು 1882ರಲ್ಲಿ. ಅಂದರೆ ಹೆಲೆನ್ ಓಡಿಹೋಗಿ ವೈಲ್ಡ್‌ಫೆಲ್ ಹಾಲ್ ಅನ್ನುವ ಹಳೇ ಮನೆಯಲ್ಲಿ ಕೂತು ಚಿತ್ರ ಮಾರಿ ಗಳಿಸುವ ಒಂದೊಂದು ಕಾಸೂ ಗಂಡನದ್ದೇ. ಮಗನ ವಿಷಯ ಇನ್ನೂ ಕಷ್ಟ. ಏಳು ವರ್ಷದೊಳಗಿನ ಮಗುವಿಗಾಗಿ ತಾಯಿ ಕೋರ್ಟಿಗೆ ಅರ್ಜಿ ಹಾಕಬಹುದು ಅಂತ ಕಾನೂನು ಬಂದಿದ್ದು 1839ರಲ್ಲಿ. ಕ್ಯಾರಲೀನ್ ನಾರ್ಟನ್ ಅನ್ನುವ ತಾಯಿ, ಗಂಡ ತನ್ನ ಮಕ್ಕಳನ್ನು ಕಿತ್ತುಕೊಂಡಾಗ ಹೋರಾಡಿದ್ದರ ಫಲ ಅದು. ಆದರೆ ಆನ್ ತನ್ನ ಕಥೆಯನ್ನು ಇಟ್ಟಿರುವುದು 1820ರ ದಶಕದಲ್ಲಿ. ಹೆಲೆನ್‌ಗೆ ಆ ಕಾನೂನೂ ಇಲ್ಲ. ಅವಳು ಮಗನನ್ನು ಕರೆದುಕೊಂಡು ಹೋಗುವುದು ಕಾನೂನಿನ ಪ್ರಕಾರ ಅಪ್ಪನ ಸೊತ್ತು ಕದ್ದ ಹಾಗೆ.

ಇಷ್ಟು ಹೇಳಿದ ಮೇಲೆ 5ನೇ ಅಧ್ಯಾಯದ ಒಂದು ಸಣ್ಣ ವಿಷಯಕ್ಕೆ ಬೇರೆಯೇ ತೂಕ ಬರುತ್ತೆ. ಅವಳು ವೈಲ್ಡ್‌ಫೆಲ್ ಹಾಲ್‌ನ ಚಿತ್ರ ಬರೆದು ಅದರ ಕೆಳಗೆ ‘ಫರ್ನ್‌ಲಿ ಮ್ಯಾನರ್, ಕಂಬರ್‌ಲ್ಯಾಂಡ್’ ಅಂತ ಸುಳ್ಳು ಊರಿನ ಹೆಸರು ಹಾಕಿರುತ್ತಾಳೆ. ಲಂಡನ್ನಿನಲ್ಲಿ ಯಾರಾದರೂ ಗುರುತು ಹಿಡಿದರೆ ಕಥೆ ಮುಗಿಯಿತು. ಆ ಸುಳ್ಳು ಹೆಸರು, ಕಾನೂನು ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡು. ನೀನು ಬೇರೆ ವಿವರಣೆ ಕೊಡಬೇಕಾಗಿಲ್ಲ.

ಪತ್ರದಲ್ಲಿ ಕೇಳಿದ್ದೀಯಲ್ಲ, “ಅಕ್ಕಾ, ಗಂಡಸಾಗಿ ನಾನು ಇದನ್ನು ಬರೆಯಬಹುದಾ?” ಅಂತ. ಬರಿ, ಯಾರು ಬೇಡ ಅಂದರು? ಎರಡನೇ ಮುದ್ರಣದ ಮುನ್ನುಡಿಯಲ್ಲಿ ಆನ್ ಇದನ್ನೇ ತಿರುಗಿಸಿ ಹೇಳಿದ್ದಾಳೆ. ಪುಸ್ತಕ ಒಳ್ಳೆಯದಾದರೆ ಬರೆದವರು ಗಂಡೋ ಹೆಣ್ಣೋ ಅನ್ನುವುದು ಮುಖ್ಯ ಅಲ್ಲ ಅಂತ. ಪಾಪ, ಅವಳು 1849ರಲ್ಲೇ ತೀರಿಕೊಂಡಳು. ಮಾರನೇ ವರ್ಷ ಸ್ವಂತ ಅಕ್ಕ ಶಾರ್ಲಟ್‌ಳೇ ಈ ಕಾದಂಬರಿಯ ವಸ್ತು ಆರಿಸಿಕೊಂಡಿದ್ದೇ ತಪ್ಪು ಅಂತ ಬರೆದಳು. ಅದಿರಲಿ.

ಗಂಡಸಾಗಿ ಬರೆಯುತ್ತೀಯಾದರೆ ಹಂಟಿಂಗ್ಡನ್‌ನಷ್ಟೇ, ಹೆಲೆನ್‌ಳನ್ನು ಪ್ರೀತಿಸಿ ಕೊನೆಗೆ ಮದುವೆಯಾಗುವ ಗಿಲ್ಬರ್ಟ್ ಮಾರ್ಕಮ್‌ನನ್ನೂ ನೋಡು. ನೀನು ಅವನಿಗೆ ‘ಆದರ್ಶ ಪ್ರೇಮಿ’ ಪಟ್ಟ ಕಟ್ಟಿದ್ದೀಯ. 6ನೇ ಅಧ್ಯಾಯದಲ್ಲಿ ಅವನು ಟೀ ಹೊತ್ತು ಮೀರಿ ಮನೆಗೆ ಬರುತ್ತಾನೆ. ಅಮ್ಮ ಟೀ ಬಿಸಿಯಾಗಿ ಇಟ್ಟಿರುತ್ತಾಳೆ. ರುಚಿ ಕೆಟ್ಟಿದೆ ಅಂತ ಇವನ ತಕರಾರು. ಅಮ್ಮ ಅದನ್ನು ಚೆಲ್ಲಿ, ಹೊಸದಾಗಿ ನೀರು ಕಾಯಿಸು ಅಂತ ಮಗಳು ರೋಸ್‌ಗೆ ಹೇಳುತ್ತಾಳೆ. ನಾನು ತಡವಾಗಿ ಬಂದಿದ್ದರೆ ಟೀಯೇ ಸಿಗುತ್ತಿರಲಿಲ್ಲ ಅಂತ ರೋಸ್ ಗೊಣಗುತ್ತಾಳೆ. ಗಂಡ ತನ್ನ ಸುಖ ನೋಡಿಕೊಳ್ಳಬೇಕು, ಹೆಂಡತಿ ಗಂಡನ ಸುಖ ನೋಡಿಕೊಳ್ಳಬೇಕು ಅನ್ನುವುದು ಅಮ್ಮನ ಪಾಠ. ಗಿಲ್ಬರ್ಟ್ ಅದನ್ನು ಒಪ್ಪುವುದಿಲ್ಲ, ಚೆನ್ನಾಗಿಯೇ ಉತ್ತರ ಕೊಡುತ್ತಾನೆ. ಹಾಗಂತ ಹೊಸ ಟೀ ಬೇಡ ಅನ್ನುತ್ತಾನಾ? ಓದುವಾಗ ನಿಮ್ಮ ಮನೆ ನೆನಪಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ನಮ್ಮಮ್ಮನ ಅಡುಗೆಮನೆ ನೆನಪಾಯಿತು.

ಇದೇ ಗಿಲ್ಬರ್ಟ್ 14ನೇ ಅಧ್ಯಾಯದಲ್ಲಿ ಹೆಲೆನ್‌ಗೂ ಊರಿನ ಜಮೀನ್ದಾರ ಲಾರೆನ್ಸ್‌ಗೂ ಸಂಬಂಧ ಇದೆ ಅನ್ನುವ ಬರೀ ಅನುಮಾನದ ಮೇಲೆ ಅವನ ತಲೆಗೆ ಚಾವಟಿಯ ಹಿಡಿಯಿಂದ ಹೊಡೆದು, ರಕ್ತ ಸುರಿಯುತ್ತಿದ್ದರೂ ರಸ್ತೆಯಲ್ಲೇ ಬಿಟ್ಟು ಹೋಗುತ್ತಾನೆ. ಲಾರೆನ್ಸ್ ನಿಜಕ್ಕೂ ಹೆಲೆನ್‌ಳ ಸೋದರ. ಹಾಗಿರಬಹುದು ಅನ್ನುವ ಯೋಚನೆಯೇ ಗಿಲ್ಬರ್ಟ್‌ಗೆ ಬರುವುದಿಲ್ಲ. ಇಡೀ ಕಾದಂಬರಿಯಲ್ಲಿ ನಮ್ಮ ಕಣ್ಣೆದುರು ನಡೆಯುವ ದೊಡ್ಡ ಹೊಡೆತಗಳಲ್ಲಿ ಇದೂ ಒಂದು. ಹೊಡೆದವನು ‘ಒಳ್ಳೆಯವನು’. ನಿನ್ನ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಇನ್ನೊಂದು ವಿಷಯ ನಿನ್ನಂಥ ಕಥೆಗಾರನೇ ಹಿಡಿಯಬೇಕಿತ್ತು. ಹಂಟಿಂಗ್ಡನ್ ಕಿತ್ತುಕೊಂಡು ಓದಿದ ಡೈರಿಯನ್ನು ಹೆಲೆನ್ ಮುಂದೆ ತಾನಾಗಿಯೇ ಗಿಲ್ಬರ್ಟ್‌ಗೆ ಕೊಡುತ್ತಾಳೆ. ನಂಬಿಕೆ ಇಟ್ಟು ಕೊಡುತ್ತಾಳೆ. ಗಿಲ್ಬರ್ಟ್ ಏನು ಮಾಡುತ್ತಾನೆ? ಎಷ್ಟೋ ವರ್ಷ ಆದ ಮೇಲೆ ಅದನ್ನು ರೋಸ್‌ಳ ಗಂಡ ಹಾಲ್‌ಫರ್ಡ್‌ಗೆ ಪತ್ರದಲ್ಲಿ ಇಳಿಸಿ ಕಳಿಸುತ್ತಾನೆ, ಅಲ್ಲಲ್ಲಿ ಕೆಲವು ಭಾಗ ಬಿಡಬಹುದು ಅನ್ನುವ ಮಾತಿನ ಜೊತೆಗೆ. ಹೆಂಡತಿಯ ಡೈರಿಯಲ್ಲಿ ಯಾವುದು ಇರಬೇಕು, ಯಾವುದು ಬೇಡ ಅಂತ ತೀರ್ಮಾನಿಸುವವನು ಅವನು. ಓದುವವನು ಇನ್ನೊಬ್ಬ ಗಂಡಸು. ಆನ್ ಇದನ್ನು ಬೇಕೆಂದೇ ಹೀಗೆ ಕಟ್ಟಿದಳು ಅಂತ ನನಗೆ ಅನ್ನಿಸುತ್ತೆ. ನೀನು ಒಪ್ಪದಿದ್ದರೆ ಜಗಳಕ್ಕೆ ಬಾ, ಆದರೆ ಪುಟ ತೋರಿಸಿ ಜಗಳ ಆಡು.

ಕೊನೆಯ ಭಾಗದಲ್ಲಿ ಹೆಲೆನ್ ಕಾಯಿಲೆ ಬಿದ್ದ ಗಂಡನ ಹತ್ತಿರ ವಾಪಸ್ ಹೋಗಿದ್ದು ನಿನಗೆ ಬೇಜಾರಾಗಿದೆ. ‘ಸೋಲು’ ಅಂತ ಬರೆದಿದ್ದೀಯ. ಅವಳು ಮಗನ ಮುಖ ತೋರಿಸುವ ಮೊದಲು ಏನು ಕೇಳುತ್ತಾಳೆ ನೋಡಿದೆಯಾ? ಮಗ ತನ್ನ ವಶದಲ್ಲೇ ಇರಬೇಕು ಅಂತ ಬರಹದಲ್ಲಿ ಕೊಡು, ಸಹಿ ಹಾಕು ಅನ್ನುತ್ತಾಳೆ. ಸಾಕ್ಷಿಗೆ ಕರೆಯುವುದು ರೇಚಲ್‌ಳನ್ನು, ಮನೆಯಿಂದ ಓಡಿಸುತ್ತೇನೆ ಅಂತ ಅವನು ಹೆದರಿಸಿದ್ದನಲ್ಲ, ಅದೇ ರೇಚಲ್‌ಳನ್ನು. ‘ಸೋಲು’ ಅನ್ನುವ ಮಾತನ್ನು ಇಟ್ಟುಕೊಳ್ಳುವುದೇ ಆದರೆ ಈ ಕಾಗದದ ಬಗ್ಗೆಯೂ ಉತ್ತರ ಕೊಡಬೇಕಾಗುತ್ತೆ.

ತಿದ್ದಿ ಕಳಿಸು. ಅವಸರ ಇಲ್ಲ. ಟೈಪ್ ಮಾಡುವಾಗ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕನ್ನಡಕದ ನಂಬರ್ ಮತ್ತೆ ಬದಲಾಗಿದೆ.

ಇಂತಿ,
ನಿನ್ನ ಅಕ್ಕ