ದಾಸರ ಪದಕ್ಕೆ ಹಕ್ಕುದಾರರು ಯಾರು?

ಮಾನ್ಯರೇ,

ತೀರ್ಥಹಳ್ಳಿ ಸೀಮೆಯ ನಮ್ಮ ಭಜನಾ ಮಂಡಳಿಯವರು ಶ್ರಾವಣ ಶನಿವಾರದಂದು ಹಾಡಿದ ಪುರಂದರದಾಸರ ಕೀರ್ತನೆಯೊಂದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕಿದ್ದಕ್ಕೆ ಧ್ವನಿಮುದ್ರಿಕೆ ಕಂಪನಿಯೊಂದರ ಹೆಸರಿನಲ್ಲಿ ಹಕ್ಕುಸ್ವಾಮ್ಯದ ದೂರು ಬಂದು, ವಿಡಿಯೊ ಮರೆಯಾಗಿದೆ. ಹಾಡಿದವರು ಊರಿನವರು, ಧಾಟಿ ಅಜ್ಜಂದಿರಿಂದ ಬಂದದ್ದು, ಹಾರ್ಮೋನಿಯಂ ಮಂಡಳಿಯದು. ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಂತೂ ತಾಳಕ್ಕಿಂತ ಜೋರಾಗಿ ಕೇಳಿಸುತ್ತದೆ. ಮಳೆಗೆ ಇನ್ನೂ ಯಾರೂ ಹಕ್ಕು ಮಂಡಿಸಿಲ್ಲ ಎಂಬುದಷ್ಟೇ ಸಮಾಧಾನ.

1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷಗಳಿಗೆ ಮುಗಿಯುತ್ತದೆ. ದಾಸರು ಕಾಲವಾದದ್ದು 1564ರಲ್ಲಿ. ಕಂಪನಿಗೆ ಹಕ್ಕಿರುವುದು ತಾನು ಮುದ್ರಿಸಿದ ಧ್ವನಿಗೆ, ಹೆಚ್ಚೆಂದರೆ ತಾನು ಮಾಡಿಸಿದ ಹೊಸ ರಾಗಸಂಯೋಜನೆಗೆ. ಇಂತಹ ವ್ಯತ್ಯಾಸವನ್ನು ಗ್ರಹಿಸಲಾರದ ತಂತ್ರಾಂಶವು ಸ್ವರಗಳ ಹೋಲಿಕೆಯೊಂದನ್ನೇ ನೋಡಿ ತೀರ್ಪು ಕೊಡುತ್ತಿದೆ. ಕಾಯ್ದೆಯ 52ನೇ ಕಲಮಿನಲ್ಲಿ, ಲಿಖಿತ ದೂರು ಬಂದ ಮೇಲೆ 21 ದಿನಗಳೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಜಾಲತಾಣವು ಆ ಕೃತಿಯನ್ನು ಮತ್ತೆ ತೆರೆದಿಡಬಹುದು ಎಂದಿದೆ. ಆದರೆ ‘ತೆರೆದಿಡಬಹುದು’ ಎಂದಿರುವುದರಿಂದ ಯಾರಿಗೂ ಬಾಧ್ಯತೆ ಇಲ್ಲ. ಆಕ್ಷೇಪಣೆಯ ನಮೂನೆ ಪೂರ್ತಿ ಇಂಗ್ಲಿಷಿನಲ್ಲಿದ್ದು, ಸೋತರೆ ಖಾತೆಯೇ ರದ್ದಾದೀತೆಂಬ ಎಚ್ಚರಿಕೆ ಓದಿ ನಮ್ಮ ಹಿರಿಯರು ಹಿಂಜರಿದರು.

ಸುಳ್ಳು ದೂರು ಕೊಡುವ ಕಂಪನಿಗಳಿಗೆ ದಂಡ ವಿಧಿಸುವ, ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಸಲ್ಲಿಸಿ ಮನುಷ್ಯರಿಂದಲೇ ಪರಿಶೀಲಿಸುವಂತೆ ಕೇಳುವ ಅವಕಾಶ ಕಲ್ಪಿಸುವ ತಿದ್ದುಪಡಿಗಾಗಿ ನಮ್ಮ ಸಂಸದರು ಲೋಕಸಭೆಯಲ್ಲಿ ದನಿಯೆತ್ತಬೇಕೆಂದು ಕೋರುತ್ತೇನೆ.

— ಭಜನಾ ಮಂಡಳಿಯ ಸದಸ್ಯ, ತೀರ್ಥಹಳ್ಳಿ ತಾಲ್ಲೂಕು