ನೋಟಿನ ಹಾರಕ್ಕೆ ಪಿನ್ನು ಚುಚ್ಚಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮುಳಗುಂದದಲ್ಲಿ ಬೀಗರ ಮನೆಯ ಮದುವೆಗೆ ಹೋಗಿದ್ದೆ. ಮದುಮಗನ ಕೊರಳಿಗೆ ಹತ್ತು ರೂಪಾಯಿಯ ಹೊಸ ನೋಟುಗಳ ಹಾರ ಹಾಕಿದರು. ಒಂದೊಂದು ನೋಟನ್ನೂ ಬೀಸಣಿಗೆಯಂತೆ ಮಡಚಿ, ನಡುವೆ ಸ್ಟೇಪ್ಲರ್ ಪಿನ್ನು ಹೊಡೆದಿದ್ದರು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ನನಗೆ ಹೊಟ್ಟೆ ಉರಿಯಿತು.

ನೋಟಿನ ಕಾಗದ ಮರದಿಂದ ಬಂದದ್ದಲ್ಲ, ಹತ್ತಿಯಿಂದ ಬಂದದ್ದು. ನಮ್ಮ ತಂದೆ ಗದಗಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿದವರು. ಚಿಟಿಕೆ ಅರಳೆ ಎಳೆದು ಎಳೆಯ ಉದ್ದ ಹೇಳುತ್ತಿದ್ದರು. ನೂಲುವ ಗಿರಣಿಯಲ್ಲಿ ಉದ್ದನೆಯ ಎಳೆಗಳನ್ನು ಬಾಚಿಕೊಂಡ ಮೇಲೆ ಉಳಿಯುವ ಗಿಡ್ಡ ಎಳೆ ನೋಟಿನ ಕಾಗದಕ್ಕೆ ಹೋಗುತ್ತದೆ. ಅದನ್ನು ನೀರಿನಲ್ಲಿ ಅರೆದು, ತಿರುಗುವ ತಂತಿ ಜಾಲರಿಯ ಮೇಲೆ ಹಾಳೆ ಕಟ್ಟಿಸುತ್ತಾರೆ. ಜಾಲರಿಯ ಉಬ್ಬುತಗ್ಗಿಗೆ ತಕ್ಕಂತೆ ತಿರುಳು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಕೂರುತ್ತದೆ. ನೋಟನ್ನು ಬೆಳಕಿಗೆ ಹಿಡಿದಾಗ ಖಾಲಿ ಜಾಗದಲ್ಲಿ ಮೂಡುವ ಗಾಂಧೀಜಿಯ ಮುಖ ಅದೇ, ಅಲ್ಲಿ ಮಸಿಯಿಲ್ಲ. ಜೇಬಿನಲ್ಲಿದ್ದು ಒಗೆತಕ್ಕೆ ಹೋದ ನೋಟು ಮುದ್ದೆಯಾಗದೆ ಉಳಿಯುವುದು ಹತ್ತಿಯ ಗಟ್ಟಿತನದಿಂದ.

ಈ ಕಾಗದಕ್ಕಾಗಿ ದೇಶ ಬಹಳ ಕಾಯಬೇಕಾಯಿತು. 1928ರಲ್ಲಿ ನಾಸಿಕದಲ್ಲಿ ನೋಟು ಮುದ್ರಣ ಶುರುವಾಗುವವರೆಗೆ ನಮ್ಮ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗುತ್ತಿದ್ದವು. ಅಚ್ಚು ಇಲ್ಲಿಗೆ ಬಂದ ಮೇಲೂ ಕಾಗದ ಹೊರಗಿನದೇ. ನರ್ಮದೆಯ ದಡದ ಹೋಶಂಗಾಬಾದಿನಲ್ಲಿ ಕಾಗದ ಗಿರಣಿ ಎದ್ದದ್ದು 1960ರ ದಶಕದ ಕೊನೆಗೆ. ಅದು ಸಾಲದೆ ಆಮದು ಮುಂದುವರಿಯಿತು. ಮೈಸೂರಿನಲ್ಲಿ 1996ರಿಂದಲೇ ನೋಟು ಅಚ್ಚಾಗುತ್ತಿದ್ದರೂ, ಅಲ್ಲಿನ ಕಾಗದ ಗಿರಣಿಯ ಕಂಪನಿ ಸ್ಥಾಪನೆಯಾದದ್ದು 2010ರಲ್ಲಿ. ಈಗ ಅದರ ಸಾಮರ್ಥ್ಯ ವರ್ಷಕ್ಕೆ 12,000 ಟನ್.

ಬ್ಯಾಂಕಿನವರೇ ಹಿಂದೆ ಕಂತೆಗೆ ಪಿನ್ನು ಹೊಡೆಯುತ್ತಿದ್ದೆವು, ನಿಜ. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ತೂತಿನ ಸುತ್ತ ಕಂದು ಉಂಗುರ ಮೂಡುತ್ತಿತ್ತು. ಉಗುರಿನಿಂದ ಕಿತ್ತರೆ ಹತ್ತಿಯ ಎಳೆಗಳೂ ಕಿತ್ತು ಬರುತ್ತಿದ್ದವು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿ, ಕಾಗದದ ಪಟ್ಟಿ ಸುತ್ತಲು ಹೇಳಿತು. ನೋಟಿನ ಹಾರ ಮಾಡಬೇಡಿ ಎಂದು ಸಾರ್ವಜನಿಕರನ್ನೂ ಅದು ಕೇಳಿಕೊಂಡಿದೆ.

ಹತ್ತಿ ಬೆಳೆಯುವ ನಮ್ಮ ಜಿಲ್ಲೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮುಯ್ಯಿಯ ನೋಟನ್ನು ಲಕೋಟೆಯಲ್ಲಿಟ್ಟು ಕೊಡಿ. ಮದುಮಗನ ಕೊರಳಿಗೆ ಖಾದಿ ನೂಲಿನ ಹಾರ ಹಾಕಿ.

– ನಿವೃತ್ತ ಬ್ಯಾಂಕ್ ಕ್ಯಾಶಿಯರ್, ಗದಗ