ಮಿಸಿಸಿಪ್ಪಿ ದಡದಲ್ಲಿ ಸ್ಪೇನ್ ಹೂಡಿದ ಯುದ್ಧ

ಪ್ರೀತಿಯ ಗೆಳೆಯಾ,

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಫ್ರಾನ್ಸಿನ ಪಾತ್ರ ಎಲ್ಲರಿಗೂ ಗೊತ್ತು, ಸ್ಪೇನಿಗೆ ಅಲ್ಲಿ ಏನು ಕೆಲಸವಿತ್ತು ಎಂದು ಹೋದ ಪತ್ರದಲ್ಲಿ ನೀನು ಕೇಳಿದ್ದೆ. ಉತ್ತರ ಮಿಸಿಸಿಪ್ಪಿ ನದಿಯ ದಡದಲ್ಲಿದೆ. 1763ರ ಒಪ್ಪಂದದ ನಂತರ ಆ ನದಿಯೇ ಎರಡು ಸಾಮ್ರಾಜ್ಯಗಳ ಗಡಿಯಾಗಿತ್ತು. ಪೂರ್ವದ ದಡ ಬ್ರಿಟಿಷರದು, ಪಶ್ಚಿಮದ ದಡವೂ ನ್ಯೂ ಓರ್ಲಿಯನ್ಸ್ ಪಟ್ಟಣವೂ ಸ್ಪೇನಿನವು.

1779ರ ಜೂನ್‌ನಲ್ಲಿ ಸ್ಪೇನ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿದ್ದು ಫ್ರಾನ್ಸಿನ ಮಿತ್ರನಾಗಿ; ದಂಗೆಯೆದ್ದ ವಸಾಹತುಗಳೊಂದಿಗೆ ಅದು ಮೈತ್ರಿ ಮಾಡಿಕೊಳ್ಳಲೇ ಇಲ್ಲ. ತನ್ನದೇ ವಸಾಹತುಗಳಿದ್ದ ರಾಜನಿಗೆ ಅಂಥ ದಂಗೆ ಹಿಡಿಸುವುದಾದರೂ ಹೇಗೆ? (ಇದೇ ಸಮರದ ಇನ್ನೊಂದು ತುದಿ ನಮ್ಮ ಕಡೆಗೂ ಚಾಚಿತ್ತು: ಅದೇ ವರ್ಷ ಇಂಗ್ಲಿಷರು ಫ್ರೆಂಚರಿಂದ ಮಾಹೆಯನ್ನು ಕಿತ್ತುಕೊಂಡದ್ದು ಹೈದರಾಲಿಯನ್ನು ಕೆರಳಿಸಿದ ಕಾರಣಗಳಲ್ಲೊಂದು.)

ನದಿಯ ಪಶ್ಚಿಮಕ್ಕಿದ್ದ ಸ್ಪೇನಿನ ಪ್ರಾಂತ್ಯ ಲೂಸಿಯಾನದ ಗವರ್ನರ್ ಬೆರ್ನಾರ್ದೊ ದೆ ಗಾಲ್ವೆಸ್‌ಗೆ ಆಗ 33 ವರ್ಷ. ಬ್ರಿಟಿಷರು ಮೇಲೆ ಬೀಳುವ ಮೊದಲೇ ತಾನು ನುಗ್ಗಬೇಕೆಂದು ಅವನು ಸಜ್ಜಾಗುತ್ತಿದ್ದಾಗ, ಆಗಸ್ಟ್ 18ರ ಚಂಡಮಾರುತ ಅವನ ದೋಣಿಗಳನ್ನು ಬಹುತೇಕ ಮುಳುಗಿಸಿತು. ಅವನು ಎದೆಗುಂದದೆ ಕೆಲವನ್ನು ಮೇಲೆತ್ತಿಸಿ, ಫಿರಂಗಿಗಳನ್ನು ಹೇರಿಸಿ, ಆಗಸ್ಟ್ 27ರಂದು ಹೊರಟೇಬಿಟ್ಟ. ಸ್ಪೇನಿನ ಸಿಪಾಯಿಗಳು, ಸ್ವತಂತ್ರ ಕರಿಯರ ಪಡೆ, ಜರ್ಮನ್ ವಲಸಿಗರು, ಮೂಲನಿವಾಸಿಗಳು ಆ ದಂಡಿನಲ್ಲಿದ್ದರು. 1755ರಿಂದ ಬ್ರಿಟಿಷರು ನೋವಾ ಸ್ಕೋಷಿಯಾದಿಂದ ಒಕ್ಕಲೆಬ್ಬಿಸಿದ್ದ, ಫ್ರೆಂಚ್ ಮೂಲದ ಅಕೇಡಿಯನ್ನರೂ ದಾರಿಯಲ್ಲಿ ಸೇರಿಕೊಂಡರು. ಅಕೇಡಿಯನ್ನರಿಗೆ ಅದು ಕೇವಲ ರಾಜನ ಯುದ್ಧವಾಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಪೂರ್ವ ದಡದ ಮ್ಯಾಂಚ್ಯಾಕ್‌ನ ಬ್ರಿಟಿಷ್ ಕೋಟೆ ಸುಲಭವಾಗಿ ಬಿದ್ದಿತು. ಬೇಟನ್ ರೂಜ್ ಮಾತ್ರ ಆಳವಾದ ಕಂದಕದಿಂದ ಭದ್ರವಾಗಿತ್ತು. ಗಾಲ್ವೆಸ್ ರಾತ್ರಿಯ ಹೊತ್ತು ಒಂದು ಪಡೆಯನ್ನು ಮರಗಳ ತೋಪಿಗೆ ಕಳಿಸಿ ಗದ್ದಲವೆಬ್ಬಿಸಲು ಹೇಳಿದ. ಬ್ರಿಟಿಷರು ಬೆಳಗಿನವರೆಗೂ ಆ ತೋಪಿನ ಮೇಲೆ ಗುಂಡು ಸುರಿಯುತ್ತಿರುವಾಗ ಅವನ ಉಳಿದ ಜನ ಕೋಟೆಯ ಇನ್ನೊಂದು ಬದಿಯಲ್ಲಿ ಸದ್ದಿಲ್ಲದೆ ಮಣ್ಣು ಅಗೆದು ಫಿರಂಗಿಗಳನ್ನು ಹೂಡುತ್ತಿದ್ದರು. ಸೆಪ್ಟೆಂಬರ್ 21ರ ಮಧ್ಯಾಹ್ನದ ಹೊತ್ತಿಗೆ ಕೋಟೆ ಶರಣಾಯಿತು, ಅದರೊಂದಿಗೆ ನ್ಯಾಚೆಜ್‌ನ ಬ್ರಿಟಿಷ್ ಕೋಟೆ ಕೂಡ. ಮುಂದೆ ಕಡಲತೀರದ ಬ್ರಿಟಿಷ್ ನೆಲೆಗಳಾದ ಮೊಬೀಲ್, ಪೆನ್ಸಕೋಲಾಗಳೂ ಅವನ ವಶವಾದವು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ನದಿಯ ಮೇಲ್ಭಾಗದ ಸೇಂಟ್ ಲೂಯಿಸ್ ಎಂಬ ಚಿಕ್ಕ ಊರಿನಲ್ಲಿ. ಅಲ್ಲಿನ ಸ್ಪೇನಿನ ಅಧಿಕಾರಿ ಫೆರ್ನಾಂದೊ ದೆ ಲೇಬಾ ಊರವರ ವಂತಿಗೆಗೆ ತನ್ನ ಹಣವನ್ನೂ ಸೇರಿಸಿ, ಕಟ್ಟಬೇಕೆಂದಿದ್ದ ನಾಲ್ಕು ಗೋಪುರಗಳಲ್ಲಿ ಒಂದನ್ನಷ್ಟೇ ಎಬ್ಬಿಸಿ, ಅದರ ಮೇಲೆ ಐದು ಫಿರಂಗಿಗಳನ್ನು ಇರಿಸಿದ. 1780ರ ಮೇ 26ರಂದು ಬ್ರಿಟಿಷರು ಮೂಲನಿವಾಸಿ ಯೋಧರ ದೊಡ್ಡ ಪಡೆಯೊಂದಿಗೆ ಎರಗಿದಾಗ ಆ ಫಿರಂಗಿಗಳೇ ಊರನ್ನು ಕಾಪಾಡಿದವು; ಬಯಲಿನ ಹೊಲಗಳಲ್ಲಿ ಸಿಕ್ಕಿಬಿದ್ದವರಲ್ಲಿ ಮಾತ್ರ ಹಲವರು ಸತ್ತರು, ಹಲವರು ಸೆರೆಯಾದರು. ಅನಾರೋಗ್ಯದಿಂದ ಬಳಲುತ್ತಿದ್ದ ಲೇಬಾ ಮುಂದಿನ ತಿಂಗಳೇ ತೀರಿಕೊಂಡ. ಊರವರಿಂದ ಅವನಿಗೆ ದಕ್ಕಿದ್ದು ಬೈಗುಳವೇ ಹೆಚ್ಚು, ಅದು ಅನ್ಯಾಯ.

ಸ್ಪೇನ್ ಕಾದಾಡಿದ್ದು ಆ ನದಿಗಾಗಿ ಎಂಬುದಕ್ಕೆ ಸಾಕ್ಷಿ ಯುದ್ಧ ಮುಗಿದ ಮರುವರ್ಷವೇ ಸಿಗುತ್ತದೆ. 1784ರಲ್ಲಿ ಅದು ಮಿಸಿಸಿಪ್ಪಿಯ ಕೆಳಹರಿವನ್ನು ಅಮೆರಿಕನ್ ದೋಣಿಗಳಿಗೆ ಮುಚ್ಚಿಬಿಟ್ಟಿತು. ಕೆಂಟಕಿಯ ರೈತರು ತಮ್ಮ ಬೆಳೆಯನ್ನು ಆ ದಾರಿಯಲ್ಲಿ ನಿರಾತಂಕವಾಗಿ ಸಾಗಿಸಲು 1795ರ ಒಪ್ಪಂದದವರೆಗೆ ಕಾಯಬೇಕಾಯಿತು.

ಇಂತಿ ನಿನ್ನ ಗೆಳೆಯ